ಸುತ್ತಿಕೊಂಡು ಹೋದ ಗೆರೆಗಳು

ಮೊದಲಿಗೆ ಓದುಗರ ಕ್ಷಮೆ ಕೋರುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಹಾಗಾಗಿ ನಾನು ಬರೆದದ್ದನ್ನು ಓದಿ ತಿದ್ದಿಕೊಡುವವರು ಮನೆಯಲ್ಲಿಲ್ಲ. ಇಂಜಿನಿಯರಿಂಗ್ ಓದಿದವಳಿಗೆ ವರದಿ ಬರೆಯುವ ಅಭ್ಯಾಸವುಂಟು, ಪ್ರಬಂಧ ಬರೆಯುವ ಅಭ್ಯಾಸವಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದು ನನಗೆ ಸರಿಯಾಗಿ ತಿಳಿಯದು. ವಿಷಯವೂ ಒಣ ವಿಷಯವೇ: ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬಿಡಿಸುವ ತಂತ್ರಾಂಶಗಳನ್ನು ಒಂದರೊಡನೊಂದು ಹೋಲಿಸಿ ನೋಡಿದ ಕಥೆ. ಇಷ್ಟು ಕೇಳಿದ ಕೂಡಲೇ ದಯವಿಟ್ಟು ಪುಟ ಮಗುಚಬೇಡಿ. ಇದರಲ್ಲಿ ಕುರಿಗಳೂ ಬರುತ್ತವೆ.

ಕಳೆದ ವಾರ ಅಡುಗೆಮನೆಯ ಗೂಡಿನಿಂದ ಹುಣಸೆಹಣ್ಣಿನ ಡಬ್ಬಿ ತೆಗೆಯುವಾಗ ಅದರಡಿಯ ಹಾಳೆ ಕಣ್ಣಿಗೆ ಬಿತ್ತು. ಅವ್ವ ಅದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಗೂಡಿನ ಮುಂದೆ ತೋರಣದಂತೆ ಇಳಿಬಿಟ್ಟಿದ್ದಳು. ಅದು ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಬಿಡಿಸಿದ ಸ್ಕೀಮ್ಯಾಟಿಕ್. ಸ್ಕೀಮ್ಯಾಟಿಕ್ ಎಂದರೆ ಬೋರ್ಡು ತಯಾರಾಗುವ ಮೊದಲು ಯಾವ ಬಿಡಿಭಾಗದ ಯಾವ ಕಾಲು ಯಾವುದಕ್ಕೆ ಕೂಡಬೇಕೆಂದು ಗೆರೆಗಳಲ್ಲಿ ತೋರಿಸುವ ನಕ್ಷೆ. ಹುಣಸೆಯ ಕಲೆಯ ಪಕ್ಕದಲ್ಲಿ ನನ್ನದೊಂದು ಗೆರೆಯಿತ್ತು. ಅದು ಹೊರಟ ಕಾಲಿಗೂ ಸೇರಬೇಕಾದ ಕಾಲಿಗೂ ನಡುವೆ ಇದ್ದದ್ದು ಒಂದು ಬೆರಳಿನ ಅಂತರ, ಆ ಅಂತರದಲ್ಲಿ ಬೇರೊಂದು ಗೆರೆ. ನನ್ನ ಗೆರೆ ಅದನ್ನು ಅಡ್ಡ ಹಾಯುವ ಬದಲು ಹಾಳೆಯ ಕೆಳಗಿನ ಅಂಚಿನವರೆಗೆ ಇಳಿದು, ನನ್ನ ಹೆಸರು ಬರೆದ ಚೌಕವನ್ನು ಬಳಸಿ, ಬಲಗಡೆಯಿಂದ ಮೇಲೇರಿ, ಅಷ್ಟು ದೂರ ನಡೆದು ಬಂದು ಪಕ್ಕದ ಮನೆಯ ಬಾಗಿಲು ತಟ್ಟಿತ್ತು. ಡಬ್ಬಿಯನ್ನು ಕೈಯಲ್ಲಿ ಹಿಡಿದೇ ನಾನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಒಲೆಯ ಮೇಲಿನ ಸಾರು ತನಗೆ ಹುಳಿ ಬೇಕಾಗಿಲ್ಲವೆಂದು ತೀರ್ಮಾನಿಸಿ ಬತ್ತುತ್ತಿತ್ತು.

ನಿಜ ಹೇಳಬೇಕೆಂದರೆ, ಒಂದು ಗೆರೆಯ ಮೇಲೆ ಇನ್ನೊಂದನ್ನು ಹಾಯಿಸಲು ನನಗೆ ಕೈ ಬರುತ್ತಿರಲಿಲ್ಲ. ನಮ್ಮದು ಚಳ್ಳಕೆರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹಟ್ಟಿ. ಮನೆಯ ಹಿಂದೆ ಕುರಿ ಕೂಡುವ ರೊಪ್ಪ. ಅಲ್ಲಿ ಗೂಟದಿಂದ ಗೂಟಕ್ಕೆ ಹಗ್ಗಗಳು, ಹಗ್ಗಗಳಿಗೆ ಎಳೆಮರಿಗಳು. ನಡೆಯಲು ಕಲಿತ ದಿನದಿಂದ ನಾನು ಕೇಳಿದ ಮಾತೊಂದೇ: “ಹಗ್ಗ ದಾಟಬ್ಯಾಡ, ಸುತ್ತಿ ಬಾ.” ಮರಿ ಕಟ್ಟಿದ ಹಗ್ಗವನ್ನು ದಾಟಿದರೆ ಆ ಮರಿ ಬೆಳೆಯುವುದಿಲ್ಲ. ಮಲಗಿದವರ ಕಾಲು ದಾಟಿದರೆ ಅವರು ಬೆಳೆಯುವುದಿಲ್ಲ. ಅಪ್ಪನ ಕೋಲು ನೆಲದ ಮೇಲಿದ್ದರೆ ಅದರ ಎರಡು ತುದಿಗಳಲ್ಲಿ ಒಂದನ್ನು ಹುಡುಕಿಕೊಂಡು ಹೋಗಬೇಕು. ತಿಳಿಯದೆ ದಾಟಿದ್ದರೆ ಅದಕ್ಕೆ ಪರಿಹಾರವೂ ಉಂಟು: ದಾಟಿದ ಹಾಗೆಯೇ ಹಿಂದಕ್ಕೆ ದಾಟಬೇಕು. ಕಾಲೇಜಿನಲ್ಲಿ ಕಂಪ್ಯೂಟರಿನ ಮುಂದೆ ಮೊದಲ ಬಾರಿಗೆ ಕುಳಿತು, ಎರಡು ಕೀಲಿ ಒತ್ತಿದರೆ ಮಾಡಿದ ತಪ್ಪು ಅಳಿದುಹೋಗುತ್ತದೆಂದು ತಿಳಿದಾಗ ನನ್ನ ಸಹಪಾಠಿಗಳು ಅಚ್ಚರಿಪಟ್ಟರು. ನನಗೆ ಅಚ್ಚರಿಯಾಗಲಿಲ್ಲ. ಹಿಂದಕ್ಕೆ ದಾಟುವುದು ನನಗೆ ಮೊದಲೇ ಗೊತ್ತಿತ್ತು.

ಆ ಕಾಲೇಜಿನಲ್ಲಿಯೇ ನನ್ನ ಗೆರೆಗಳನ್ನು ನೋಡಿ ಉಪನ್ಯಾಸಕರೊಬ್ಬರು, “ಏನಮ್ಮಾ, ಈ ಗೆರೆಗೆ ಬಸ್ ಪಾಸು ಮಾಡಿಸಿದ್ದೀಯಾ?” ಎಂದಿದ್ದರು. ತರಗತಿಯೆಲ್ಲ ನಕ್ಕಿತು. ನಾನು ಎದ್ದುನಿಂತು, “ಇಲ್ಲ ಸಾರ್, ಸರಿಪಡಿಸುತ್ತೇನೆ” ಎಂದು ಹೇಳಿ, ಸರಿಪಡಿಸದೆ ಕುಳಿತೆ. ಸ್ಕೀಮ್ಯಾಟಿಕ್‌ನಲ್ಲಿ ಎರಡು ಗೆರೆಗಳು ಅಡ್ಡ ಹಾಯ್ದರೆ ಏನೂ ಆಗುವುದಿಲ್ಲವೆಂದು ಪುಸ್ತಕದಲ್ಲಿ ಓದಿದ್ದೆ. ಹಾಯ್ದ ಜಾಗದಲ್ಲಿ ಒಂದು ಕಪ್ಪು ಚುಕ್ಕೆಯಿದ್ದರೆ ಅವು ಕೂಡಿವೆ ಎಂದರ್ಥ. ಚುಕ್ಕೆಯಿಲ್ಲದಿದ್ದರೆ ಒಂದು ಇನ್ನೊಂದರ ಮೇಲೆ ಸುಮ್ಮನೆ ಹಾದುಹೋಗಿದೆ ಎಂದರ್ಥ. ಪರೀಕ್ಷೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆದೆ. ಆದರೆ ಪುಸ್ತಕ ಓದಿದ್ದು ಕಣ್ಣು, ಗೆರೆ ಎಳೆಯುವುದು ಕೈ.

ಓದು ಮುಗಿದ ಮೇಲೆ ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಹಿಂಭಾಗದ ಎರಡು ಕೋಣೆಗಳಲ್ಲಿ ನಡೆಯುವ ಸಣ್ಣ ಘಟಕವೊಂದರಲ್ಲಿ ಕೆಲಸ ಸಿಕ್ಕಿತು. ಬೋರ್‌ವೆಲ್ ಮೋಟಾರಿನ ಸ್ಟಾರ್ಟರುಗಳಿಗೆ, ತೂಕದ ಯಂತ್ರಗಳಿಗೆ ಬೋರ್ಡು ಮಾಡುವ ಘಟಕ. ದಿನವಿಡೀ ಬಿಸಿ ಶೇಂಗಾ ಹಿಂಡಿಯ ವಾಸನೆ. ಮಧ್ಯಾಹ್ನ ಮೂರರ ಹೊತ್ತಿಗೆ ಆ ವಾಸನೆ, ಮಿಲ್ಲಿನ ಒಂದೇ ಸಮದ ಸದ್ದು, ಪರದೆಯ ಮೇಲಿನ ಹಸಿರು ಗೆರೆಗಳು ಎಲ್ಲವೂ ಕಲೆತು, ನಾನು ಎಚ್ಚರವಾಗಿದ್ದೇನೋ ಕನಸಿನಲ್ಲಿ ಗೆರೆ ಎಳೆಯುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಅಪ್ಪ ಮಾತ್ರ ನೆಂಟರ ಮುಂದೆಲ್ಲ, “ನಮ್ಮ ಪಾಪ ಕುದಾಪುರದ ಗೋಡೆ ಒಳಗೆ ಕೆಲ್ಸ ಮಾಡ್ತೈತೆ” ಎಂದು ಹೇಳಿಕೊಂಡು ಬಂದಿದ್ದ. ಕುದಾಪುರದ ವಿಜ್ಞಾನ ಸಂಸ್ಥೆಗಳ ಸುತ್ತ ಆ ಗೋಡೆ ಎದ್ದ ಮೇಲೆ ಅವನ ಕುರಿಗಳು ಹಿಂದೆ ನೇರವಾಗಿ ಹಾಯುತ್ತಿದ್ದ ಹುಲ್ಲುಗಾವಲನ್ನು ಅರ್ಧ ದಿನ ಬಳಸಿ ಹೋಗಬೇಕಾಗಿತ್ತು. ತಾನು ಹೋಗಲಾಗದ ಜಾಗಕ್ಕೆ ಮಗಳಾದರೂ ಹೋಗಲಿ ಎಂದು ಮನಸ್ಸಿನಲ್ಲಿಯೇ ನನ್ನನ್ನು ಒಳಗೆ ಸೇರಿಸಿಬಿಟ್ಟಿದ್ದನೋ ಏನೋ, ನಾನು ಎಷ್ಟು ತಿದ್ದಿದರೂ ಕೇಳಲಿಲ್ಲ.

ಘಟಕದಲ್ಲಿ ನನಗಿಂತ ಹಿರಿಯರು ತಿಪ್ಪೇಸ್ವಾಮಿ. ಮೊಳಕಾಲ್ಮೂರಿನವರು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ಮಾತಿನಲ್ಲಿ ಕನ್ನಡಕ್ಕೆ ತೆಲುಗು ಯಾವಾಗ ಬೆರೆಯಿತೆಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಹಾಳೆ ಹಾಳುಮಾಡುವುದೆಂದರೆ ಅವರಿಗೆ ಆಗದು. ನಾನು ನಾಲ್ಕು ಹಾಳೆಗಳಲ್ಲಿ ಬಿಡಿಸುವುದನ್ನು ಒಂದರಲ್ಲಿ ಬಿಡಿಸುತ್ತಿದ್ದರು. ಅವರ ಗೆರೆಗಳು ಸಂತೆಯ ಜನರಂತೆ ಒಬ್ಬರ ಹೆಗಲ ಮೇಲೊಬ್ಬರು ಹಾಯುತ್ತಿದ್ದವು. ನನ್ನ ಮೊದಲ ನಕ್ಷೆಯನ್ನು ನೋಡಿ ಅವರು, “ಏಮ್ಮಾ ರತ್ನಮ್ಮಾ, ಇದು ಸ್ಟಾರ್ಟರೋ, ಚಿತ್ರದುರ್ಗದ ಏಳು ಸುತ್ತಿನ ಕೋಟೆಯೋ?” ಎಂದರು. ನಾನು, “ಕ್ಷಮಿಸಿ ಸಾರ್” ಎಂದೆ. “ನಂಗ್ಯಾಕೆ ಕ್ಷಮೆ? ಆ ಕರೆಂಟಿಗೆ ಕೇಳು. ನಡೆದು ನಡೆದು ಅದಕ್ಕೆ ಕಾಲುನೋವು ಬಂದಿರ್ತೈತೆ.”

ಒಂದು ವರ್ಷ ಮುಗಿಯುತ್ತ ಬಂದಾಗ ಯಜಮಾನರು ನನ್ನನ್ನು ಕರೆದರು. ನಾವು ಬಳಸುತ್ತಿದ್ದ, ಹಣ ಕೊಟ್ಟು ತಂದ ತಂತ್ರಾಂಶದ ಪರವಾನಗಿ ತಿಂಗಳ ಕೊನೆಗೆ ತೀರುತ್ತಿತ್ತು. ಅದನ್ನು ಮತ್ತೆ ಕೊಳ್ಳುವ ಮನಸ್ಸು ಅವರಿಗಿರಲಿಲ್ಲ. “ಪುಕ್ಕಟೆ ಸಿಗೋವೂ ಅವೆ ಅಂತಲ್ಲ. ಹೋಲಿಸಿ ನೋಡಿ ಒಂದು ರಿಪೋರ್ಟ್ ಕೊಡಮ್ಮ. ನಮ್ಮ ಹಳೇ ನಕ್ಷೆಗಳೆಲ್ಲ ಅದಕ್ಕೆ ಸರಿಯಾಗಿ ಬರ್ತಾವಾ ಅಂತ ನೋಡು. ಅಚ್ಚುಕಟ್ಟಾಗಿ ಮಾಡು. ನಿನ್ನ ಕೆಲ್ಸ ಕಾಯಂ ಮಾಡೋ ಲೆಟರೂ ಅದರ ಜೊತೇಲೇ ಆಗಿಹೋಗ್ಲಿ.”

ಕಾಯಂ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ತೂಕವಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಶೇಂಗಾ ಕಿತ್ತು ಮುಗಿದು ದೀಪಾವಳಿ ಕಳೆದ ಕೂಡಲೇ ಅಪ್ಪ, ಚಿಕ್ಕಪ್ಪ ತಮ್ಮ ಹಿಂಡುಗಳನ್ನು ಹೊಡೆದುಕೊಂಡು ನಾಲೆ ನೀರಿನ ಊರುಗಳ ಕಡೆಗೆ ಹೊರಟರೆ ಮತ್ತೆ ಮಳೆ ಬೀಳುವ ಹೊತ್ತಿಗೇ ಮನೆ. ಹಿಂದಿನ ವರ್ಷ ಅಪ್ಪ ನಾಲೆಯ ಏರಿಯಿಂದ ಜಾರಿಬಿದ್ದು ಬಲಮಂಡಿ ಕೆಡಿಸಿಕೊಂಡು ಬಂದಿದ್ದ.

“ಈ ಸಲ ನೀ ಹೋಗ್ಬ್ಯಾಡ” ಎಂದಳು ಅವ್ವ. “ಮಂಡಿ ನೋಡ್ಕ. ಕುಂಬಳಕಾಯಿ ಆಗೈತೆ.”

“ಕುರಿ ಯಾರು ಮೇಯಿಸ್ತಾರೆ? ನಿಮ್ಮಪ್ಪ ಬರ್ತಾನಾ?”

“ನಮ್ಮಪ್ಪ ಸತ್ತು ಮ್ಯಾಲವ್ನೆ. ಅಲ್ಲೂ ಅವ್ನ ಕೈಗೆ ನಾಕು ಕುರಿ ಕೊಟ್ಟಿರ್ತಾರೆ ಬಿಡು. ನಿನ್ನ ತಮ್ಮ ಇಲ್ವಾ? ಎರಡು ಹಿಂಡೂ ಕೂಡಿಸ್ಕಂಡು ಅವ್ನೇ ಹೋಗ್ತೀನಿ ಅಂತಾವ್ನೆ.”

ಹಿಂಡನ್ನು ಚಿಕ್ಕಪ್ಪನಿಗೆ ಒಪ್ಪಿಸಿದರೆ ಅದರ ಹುಟ್ಟುವಳಿಯಲ್ಲಿ ಅರ್ಧ ಅವನದು. ನನ್ನ ಸಂಬಳ ನಿಲ್ಲುವ ಸಂಬಳವೇ ಎಂಬುದು ತಿಳಿಯದೆ ಅಪ್ಪ ಅದಕ್ಕೆ ಹೇಗೆ ಒಪ್ಪಬೇಕು? ಬಹಳ ಹೊತ್ತು ಬೀಡಿ ಸೇದಿ, ಕೊನೆಗೆ ಹೇಳಿದ: “ಪಾಪಂದು ಕೆಲ್ಸ ಕಾಯಂ ಆಗ್ಲಿ. ಅವತ್ತೇ ಕೂತ್ಕಂತೀನಿ. ಮಾತು ಅಂದ್ರೆ ಮಾತು.” ಅವ್ವ ನನ್ನ ಕಡೆ ನೋಡಿದಳು. ಅಂದಿನಿಂದ ನನ್ನ ಊಟದ ಡಬ್ಬಿಯಲ್ಲಿ ದಿನವೂ ಒಂದು ಹೋಳಿಗೆಯೋ ಒಂದು ಕರ್ಜಿಕಾಯಿಯೋ ಕಾಣಿಸಿಕೊಳ್ಳತೊಡಗಿತು. ಯಜಮಾನರಿಗೆ ಕೊಡೆಂದು ಅವಳು ಹೇಳಲಿಲ್ಲ. ನಾನೂ ಕೊಡಲಿಲ್ಲ.

ಆ ಹದಿನೈದು ದಿನ ನಾನು ಮೂರು ತಂತ್ರಾಂಶಗಳೊಡನೆ ಬಾಳಿದೆ. ಅವುಗಳ ನಿಜನಾಮಗಳನ್ನು ಇಲ್ಲಿ ಹೇಳುವುದು ಸೌಜನ್ಯವಲ್ಲ. ತಿಪ್ಪೇಸ್ವಾಮಿಯವರು ಇಟ್ಟ ಹೆಸರುಗಳೇ ಸಾಕು. ಹಣ ಕೊಟ್ಟು ತಂದದ್ದು ದೊಡ್ಡಪ್ಪ, ಪುಕ್ಕಟೆ ಸಿಕ್ಕಿದ್ದು ಸೋದರತ್ತೆ, ಬ್ರೌಸರಿನೊಳಗೆ ನಡೆಯುವುದು ನೆಂಟ. ದೊಡ್ಡಪ್ಪನ ಪರದೆಯಲ್ಲಿ ಒಂದು ಬಿಡಿಭಾಗವನ್ನು ಹಿಡಿದು ಎಳೆದರೆ ಅದಕ್ಕೆ ಅಂಟಿದ ಗೆರೆಗಳೆಲ್ಲ ಉದ್ದವಾಗುತ್ತ ಅದರ ಹಿಂದೆಯೇ ಬರುತ್ತಿದ್ದವು. ಸೋದರತ್ತೆಯಲ್ಲಿ ಅದಕ್ಕೆ ಎರಡು ಬೇರೆ ಬೇರೆ ಕೀಲಿಗಳು. ಒಂದನ್ನು ಒತ್ತಿದರೆ ಗೆರೆಗಳನ್ನು ಜೊತೆಗೆ ಕರೆದೊಯ್ಯುವಳು, ಇನ್ನೊಂದನ್ನು ಒತ್ತಿದರೆ ಅವನ್ನು ಅಲ್ಲಿಯೇ ಬಿಟ್ಟು ತಾನೊಬ್ಬಳೇ ಎದ್ದುಹೋಗುವಳು. ಯಾವ ಕೀಲಿ ಯಾವುದಕ್ಕೆಂದು ನೆನಪಾಗದೆ ನಾನು ದಿನಕ್ಕೆ ಹತ್ತು ಬಾರಿ ಒಂದು ಟ್ರಾನ್ಸಿಸ್ಟರನ್ನು ಅನಾಥವಾಗಿಸುತ್ತಿದ್ದೆ. ಒಂದರಲ್ಲಿ ಎಡಬಲ ತಿರುಗಿಸುವ ಕೀಲಿ ಇನ್ನೊಂದರಲ್ಲಿ ತಲೆಕೆಳಗು ಮಾಡುತ್ತಿತ್ತು. ಅರ್ಥಿಂಗ್ ಚಿಹ್ನೆ ಆಕಾಶದ ಕಡೆಗೆ ಮುಖಮಾಡಿ ನಿಂತದ್ದನ್ನು ಕಂಡು ತಿಪ್ಪೇಸ್ವಾಮಿಯವರು, “ಸರ್ಲೆ, ಇನ್ಮೇಲೆ ರೈತರು ಮೋಡಕ್ಕೆ ಬೋರ್ ಹಾಕ್ಸಲಿ” ಎಂದರು.

ನೆಂಟನದು ಬೇರೆಯೇ ರೀತಿ. ಯಾರೋ ಎಲ್ಲಿಯೋ ಬಿಡಿಸಿಟ್ಟ ಬಿಡಿಭಾಗಗಳ ಚಿತ್ರಗಳು ಅವನ ಬಳಿ ರಾಶಿ ರಾಶಿ. ಕೇಳಿದ್ದೆಲ್ಲ ಕೊಡುವನು. ನೆಟ್‌ವರ್ಕ್ ಹೋದ ಕೂಡಲೇ ತಾನೂ ಎದ್ದುಹೋಗುವನು, ಎಳೆಯುತ್ತಿದ್ದ ಗೆರೆಯ ಸಮೇತ. ಹಟ್ಟಿಯಲ್ಲಂತೂ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತರೆ ಮಾತ್ರ ಅವನ ದರ್ಶನ. ಗೆರೆ ಎಳೆಯುವ ಉಪಕರಣವನ್ನು ಕೈಬಿಡಿಸಲು ಈ ಮೂವರಲ್ಲಿ ಒಬ್ಬರಿಗೆ ಕೀಲಿ ಒತ್ತಿ ಒಂದು ಸಲ ಹೇಳಿದರೆ ಸಾಕು, ಇನ್ನೊಬ್ಬರಿಗೆ ಎರಡು ಸಲ ಹೇಳಬೇಕು, ಮತ್ತೊಬ್ಬರಿಗೆ ಎಷ್ಟು ಹೇಳಿದರೂ ಅದು ಕೈಗಂಟಿದ ಹಲಸಿನ ಮೇಣ. ಹಿಂದಕ್ಕೆ ದಾಟುವ ವಿಷಯದಲ್ಲಿಯೂ ಅಷ್ಟೇ: ಒಬ್ಬರು ಬೆಳಗಿನಿಂದ ಮಾಡಿದ್ದನ್ನೆಲ್ಲ ಅಳಿಸಿಕೊಡುವರು, ಒಬ್ಬರು ನಾಲ್ಕೇ ಹೆಜ್ಜೆಗೆ ಸಾಕೆನ್ನುವರು.

ಅಳಿಸುವ ಮಾತು ಬಂದಾಗ ನನಗೆ ಜಟಿಂಗ ರಾಮೇಶ್ವರದ ಬೆಟ್ಟ ನೆನಪಾಗುತ್ತದೆ. ಏಳೆಂಟು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಹತ್ತಿದ್ದೆ. ಗುಡಿಯ ಬಳಿಯ ಬಂಡೆಯಲ್ಲಿ ಕೊರೆದು ಸವೆದ ಅಕ್ಷರಗಳು. ನಾನು ಆಗಷ್ಟೇ ಅ ಆ ಇ ಈ ಕಲಿತು ಊರಿಗೆಲ್ಲ ಓದಿ ಹೇಳುತ್ತಿದ್ದ ಕಾಲ. ಆ ಅಕ್ಷರಗಳಲ್ಲಿ ಒಂದೂ ನನಗೆ ತಿಳಿಯದೆ ಅವಮಾನವಾಗಿತ್ತು. ಅದನ್ನು ಮರೆಮಾಡಲು, “ಇದನ್ನ ಕೊರೆದೋನು ತಪ್ಪು ಮಾಡಿದ್ರೆ ಏನ್ ಮಾಡ್ತಿದ್ದ?” ಎಂದು ಕೇಳಿದೆ. ಅಪ್ಪ ಯೋಚಿಸಿ, “ಪಕ್ಕದ ಬಂಡೇಲಿ ಇನ್ನೊಂದು ಸಲ ಕೊರೀತಿದ್ದ. ನಮ್ಮ ಕಡೆ ಬಂಡೆಗೇನು ಬರ?” ಎಂದ. ಗಾಳಿ ಜೋರಾಗಿತ್ತು. ಕೆಳಗೆ ಹೊಲಗಳು ಯಾರೋ ಗೆರೆ ಎಳೆದು ಬಿಟ್ಟಂತೆ ಕಾಣುತ್ತಿದ್ದವು. ಇರಲಿ, ದಾರಿ ತಪ್ಪಿದೆ, ಮತ್ತೆ ವರದಿಗೆ ಬರುತ್ತೇನೆ.

ಹಳೆಯ ನಕ್ಷೆಗಳು ದೊಡ್ಡಪ್ಪನಿಂದ ಸೋದರತ್ತೆಗೆ ಸರಿಯಾಗಿ ಬರುತ್ತವೆಯೇ ಎಂದು ಪರೀಕ್ಷಿಸಬೇಕಿತ್ತಷ್ಟೆ. ನಾನು ಆ ವರ್ಷ ಬಿಡಿಸಿದ ಹನ್ನೆರಡು ನಕ್ಷೆಗಳನ್ನು ಒಂದೊಂದಾಗಿ ಪರಿವರ್ತಿಸಿ, ಪ್ರತಿ ಗೆರೆಯ ಮೇಲೂ ಬೆರಳಿಟ್ಟು ನೋಡಿದೆ. ಒಂದು ತಪ್ಪೂ ಇರಲಿಲ್ಲ. ನನ್ನವೇ ಯಾಕೆಂದರೆ, ಬೇರೆಯವರ ನಕ್ಷೆ ಮುಟ್ಟಿ ಏನಾದರೂ ಕೆಟ್ಟರೆ ಎಂಬ ಅಂಜಿಕೆ. “ಪರೀಕ್ಷಿಸಲಾಗಿದೆ, ಯಾವುದೇ ದೋಷ ಕಂಡುಬಂದಿರುವುದಿಲ್ಲ, ಪುಕ್ಕಟೆ ತಂತ್ರಾಂಶಕ್ಕೆ ಬದಲಾಗಬಹುದು” ಎಂಬ ಅರ್ಥದ ವರದಿಯನ್ನು ಮೂರು ಸಲ ತಿದ್ದಿ ಕೊಟ್ಟೆ. ಯಜಮಾನರು ಓದಿ ಸಂತೋಷಪಟ್ಟರು. ಲೆಟರ್ ಟೈಪ್ ಮಾಡಿಸಲು ಹೇಳಿದರು. ಆ ಸಂಜೆಯೇ ಮನೆಯಲ್ಲಿ ಸುದ್ದಿ ಹೇಳಿದೆ. ಅಪ್ಪ ಎದ್ದುಹೋಗಿ ಚಿಕ್ಕಪ್ಪನಿಗೆ, “ಈ ಸಲ ನೀನೇ ಹೊಡ್ಕಂಡೋಗಲೇ” ಎಂದು ಹೇಳಿ ಬಂದ. ಅವ್ವ ಪೊರಕೆ ಎತ್ತಿಕೊಂಡಳು. ಹೊರಗೆ ಹೋಗಿ ಅಂಗಳ ಗುಡಿಸಿದಳು. ಬೆಳಿಗ್ಗೆಯಷ್ಟೇ ಗುಡಿಸಿದ್ದ ಅಂಗಳ.

ಹತ್ತು ದಿನಗಳ ಮೇಲೆ, ಒಂದು ಗುರುವಾರ, ಹೊಸ ತಂತ್ರಾಂಶದಿಂದ ಮಾಡಿಸಿದ ಮೊದಲ ಬೋರ್ಡುಗಳು ಬಂದವು. ತಿಪ್ಪೇಸ್ವಾಮಿಯವರ ಹಳೆಯ ಸ್ಟಾರ್ಟರಿನ ನಕ್ಷೆ, ವರ್ಷಗಳಿಂದ ನಡೆದುಬಂದದ್ದು. ಬಿಡಿಭಾಗಗಳನ್ನು ಬೆಸೆದು ವಿದ್ಯುತ್ ಕೊಟ್ಟೆವು. ಮೋಟಾರನ್ನು ಚಾಲೂ ಮಾಡುವ ಸ್ವಿಚ್ಚು, ರಿಲೇ, ಟಕ್ ಎನ್ನಬೇಕಿತ್ತು. ಎನ್ನಲಿಲ್ಲ. ಎರಡನೆಯದೂ ಮೂಕ, ಮೂರನೆಯದೂ ಮೂಕ. ತಿಪ್ಪೇಸ್ವಾಮಿಯವರು ಕನ್ನಡಕವನ್ನು ಹಣೆಗೇರಿಸಿ ನಕ್ಷೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತ ಹೋದರು. ಒಂದು ಕಡೆ ಎರಡು ಗೆರೆಗಳು ಕತ್ತರಿಯಂತೆ ಹಾಯ್ದಿದ್ದವು. ಹಳೆಯದರಲ್ಲಿ ಅಲ್ಲಿ ಚುಕ್ಕೆಯಿತ್ತು. ಹೊಸದರಲ್ಲಿ ಇರಲಿಲ್ಲ. ಕೂಡಿದ್ದ ಗೆರೆಗಳು ಬಿಟ್ಟುಹೋಗಿದ್ದವು.

“ಪರೀಕ್ಷೆ ಮಾಡ್ದಾಗ ಇದು ಕಾಣ್ಲಿಲ್ವಾ ನಿಂಗೆ?” ಎಂದರು ಅವರು. ಸಿಟ್ಟಿನಿಂದಲ್ಲ, ನಿಜವಾದ ಕುತೂಹಲದಿಂದ.

“ಸಾರ್, ನಾನು ನನ್ನ ನಕ್ಷೆಗಳನ್ನಷ್ಟೇ ಹಾಕಿ ನೋಡಿದೆ.”

ಅವರು ಕನ್ನಡಕವನ್ನು ಹಣೆಯಿಂದ ಇಳಿಸಿ ನನ್ನ ಕಡೆ ತಿರುಗಿದರು. ನಾವಿಬ್ಬರೂ ಒಟ್ಟಿಗೆ ಅರ್ಥಮಾಡಿಕೊಂಡೆವು. ಹಾಯುವ ಜಾಗದಲ್ಲಿ ಚುಕ್ಕೆ ಉದುರುವ ದೋಷ ಕಾಣಬೇಕಾದರೆ ನಕ್ಷೆಯಲ್ಲಿ ಹಾಯುವ ಜಾಗಗಳಿರಬೇಕು. ನನ್ನ ಹನ್ನೆರಡು ನಕ್ಷೆಗಳಲ್ಲಿ ಅಂಥ ಒಂದು ಜಾಗವೂ ಇರಲಿಲ್ಲ. ಮರಿ ಬೆಳೆಯಲಿ ಎಂದು ನಾನು ಪ್ರತಿ ಗೆರೆಯನ್ನೂ ಸುತ್ತಿಸಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಸತ್ತ ಬೋರ್ಡುಗಳನ್ನು ನೋಡಿದರು. “ಇಷ್ಟು ವರ್ಷ ನಡೆದ ನಕ್ಷೆ ಈಗ್ಯಾಕೆ ಕೆಡ್ತು ತಿಪ್ಪೇಸ್ವಾಮಿ? ಏನೋ ಮುಟ್ಟಿದೀಯ ನೀನು.”

ತಿಪ್ಪೇಸ್ವಾಮಿಯವರು ನನ್ನ ಕಡೆ ನೋಡಲಿಲ್ಲ. “ನೋಡ್ತೀನಿ ಸಾರ್” ಎಂದರು, ಅಷ್ಟೇ.

ಆ ಕ್ಷಣವನ್ನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಕನಸಿನಲ್ಲಿ ನಾನು ಸುಮ್ಮನಿರುತ್ತೇನೆ. ಯಜಮಾನರ ಮೇಜಿನ ಮೇಲೆ ನನ್ನ ಲೆಟರ್ ಸಹಿಗಾಗಿ ಕಾಯುತ್ತಿತ್ತು. ನಾನು ನಿಂತಲ್ಲಿಂದ ನನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು. ಮಿಲ್ಲಿನ ಸದ್ದು ಒಂದೇ ಸಮನೆ ಇತ್ತು. ಅಪ್ಪನ ಮಂಡಿ ನೆನಪಾಯಿತು. ತಿಪ್ಪೇಸ್ವಾಮಿಯವರ ಬಗ್ಗಿದ ತಲೆ ಕಣ್ಣೆದುರಿಗಿತ್ತು.

“ಸಾರ್, ತಪ್ಪು ಅವರದಲ್ಲ, ನನ್ನದು” ಎಂದೆ. “ನನ್ನ ನಕ್ಷೆಗಳಲ್ಲಿ ಗೆರೆ ಗೆರೆಯನ್ನು ದಾಟುವುದಿಲ್ಲ. ಅವುಗಳನ್ನಷ್ಟೇ ಪರೀಕ್ಷಿಸಿ ದೋಷವಿಲ್ಲವೆಂದು ಬರೆದೆ.”

“ದಾಟಲ್ಲ ಅಂದ್ರೆ? ಯಾಕೆ ದಾಟಲ್ಲ?”

ಹಗ್ಗ, ಮರಿ, ರೊಪ್ಪ ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. “ಅಭ್ಯಾಸ ಸಾರ್” ಎಂದೆ.

ಅವರು ಕೂಗಾಡಲಿಲ್ಲ. ಲೆಟರನ್ನು ತೆಗೆದು ಮೇಜಿನ ಖಾನೆಯೊಳಗಿಟ್ಟರು. “ಹಳೇ ನಕ್ಷೆ ಎಲ್ಲಾ ಸರಿ ಆಗ್ಲಿ. ಪರವಾನಗಿ ಇನ್ನು ಆರು ದಿನ ಐತೆ. ಆಮೇಲೆ ಇದನ್ನ ನೋಡಣ.”

ಮನೆಯಲ್ಲಿ ಹೇಳಿದಾಗ ಅಪ್ಪ, “ಆಗ್ಲಿ ಬಿಡವ್ವ” ಎಂದ. ಮರುದಿನ ಅವನು ಚಪ್ಪಲಿಯ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದುದನ್ನು ನೋಡಿದೆ. ಹಿಂಡುಗಳು ಸೋಮವಾರ ಹೊರಡುವುದೆಂದು ನಿಶ್ಚಯವಾಗಿತ್ತು. ಅವ್ವ ಅವನೊಡನೆಯೂ ಮಾತು ಬಿಟ್ಟಳು, ನನ್ನೊಡನೆಯೂ ಬಿಟ್ಟಳು. ಮಾತೆಲ್ಲ ಕೋಳಿಗಳೊಡನೆ. “ಈ ಮನ್ಯಾಗೆ ಯಾರಿಗೂ ಕೂತು ಉಣ್ಣೋ ಹಣೇಬರ ಇಲ್ಲ, ನೀವಾರ ಉಣ್ರಿ” ಎಂದು ಜೋಳ ಎರಚುತ್ತಿದ್ದಳು.

ಶನಿವಾರ ಸಂಜೆ ನಾನು ಹಳೆಯ ನಕ್ಷೆಗಳ ಪ್ರತಿಗಳನ್ನು ಪಡಸಾಲೆಯ ತುಂಬ ಹರಡಿಕೊಂಡು, ಹಾಯ್ದ ಪ್ರತಿ ಜಾಗಕ್ಕೂ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತ ಕುಳಿತಿದ್ದೆ. ಹಳೆಯದರಲ್ಲಿ ಚುಕ್ಕೆಗಳೆಷ್ಟು, ಹೊಸದರಲ್ಲಿ ಎಷ್ಟು ಎಂದು ಎಣಿಸುವುದು, ಮರೆಯುವುದು, ಮತ್ತೆ ಎಣಿಸುವುದು. ಅಪ್ಪ ಕುಂಟುತ್ತ ಬಂದು ಹಾಳೆಗಳ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ.

“ಏನು ಎಣಿಸ್ತೀಯವ್ವ?”

“ಎರಡು ಗೆರೆ ಎದುರಾಗೋ ಜಾಗ. ಕೆಲವು ಕಡೆ ಕೂಡ್ತಾವೆ, ಕೆಲವು ಕಡೆ ಹಂಗೇ ಹಾದೋಗ್ತಾವೆ. ಎಲ್ಲಿ ಏನು ಕೆಟ್ಟೈತೆ ಗೊತ್ತಾಗ್ತಿಲ್ಲ.”

“ಎರಡು ಹಿಂಡು ದಾರೀಲಿ ಎದುರಾದಂಗೆ ಅನ್ನು.” ಅವನು ಬೀಡಿ ಹುಡುಕಿಕೊಂಡ. “ಎಣಿಸಿ ಕೆಟ್ಟೋನು ನಾನು. ನೀನಿನ್ನೂ ತೊಟ್ಲಾಗಿದ್ದೆ. ನಾಲೆ ಸೇತುವೆ ಮ್ಯಾಲೆ ಆ ಕಡೆಯೋರ ಹಿಂಡು ಬಂತು. ಧೂಳೋ ಧೂಳು. ದಾಟಿದ ಮ್ಯಾಲೆ ಎಣಿಸ್ದೆ, ಸರಿ ಐತೆ. ಬೀಡಿ ಹಚ್ಕಂಡು ಬಂದೆ. ಎಂಟು ದಿನಕ್ಕೆ ನೋಡಿದ್ರೆ ನಮ್ಮ ಕರೇ ಕುರಿ ಇಲ್ಲ! ಅದ್ರ ಬದ್ಲಿಗೆ ಯಾವ್ದೋ ಕುಂಟಾಡು ನಮ್ಮ ಹಿಂಡಾಗೆ ಮೇಯ್ತೈತೆ.”

“ಆಡು ಅಂತ ಎಂಟು ದಿನ ಗೊತ್ತಾಗ್ಲಿಲ್ವಾ?” ಎಂದಳು ಒಳಗಿನಿಂದ ಅವ್ವ, ಕೋಳಿಗಳನ್ನು ಬಿಟ್ಟು.

“ಗಡ್ಡ ಇರ್ಲಿಲ್ಲ ಅದಕ್ಕೆ” ಎಂದ ಅಪ್ಪ, ಗಂಭೀರವಾಗಿ. “ಅವತ್ತಿಂದ ನಾನು ಎದುರಾಗೋ ಜಾಗ ನೋಡಾಕೇ ಹೋಗಲ್ಲ. ಧೂಳ್ನಾಗೆ ಏನು ಕಾಣ್ತೈತೆ? ಆಚೆ ಬಂದ ಮ್ಯಾಲೆ ಒಂದೊಂದ್ರ ಕಿವಿ ಗುರುತು ನೋಡ್ತೀನಿ. ಯಾವ್ದು ಯಾರ ಜೊತೆ ಐತೆ, ಅಷ್ಟೇ.”

ಅವನು ನನಗೆ ಉಪಾಯ ಹೇಳಿಕೊಡಲು ಬಂದವನಲ್ಲ. ಕಳೆದುಹೋದ ಕರೀ ಕುರಿಯ ದುಃಖ ಅವನಿಗೆ ಇನ್ನೂ ಇತ್ತು, ಅದರ ಬಣ್ಣ, ಅದರ ಹಾಲು, ಅದು ಕೂಗುತ್ತಿದ್ದ ರೀತಿ ಎಲ್ಲವನ್ನೂ ಬಹಳ ಹೊತ್ತು ವರ್ಣಿಸಿದ. ನಾನು ಅರ್ಧ ಕೇಳಿದೆ, ಅರ್ಧ ಹಾಳೆಗಳನ್ನು ನೋಡಿದೆ. ಭಾನುವಾರ ಬೆಳಿಗ್ಗೆ, ಉಳಿದ ಎಣಿಕೆಯನ್ನು ತಿಪ್ಪೇಸ್ವಾಮಿಯವರ ಜೊತೆ ಮುಗಿಸಲೆಂದು ಹೊರಟು, ಮೊಳಕಾಲ್ಮೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಬಂಡೆಗಳು ಒಂದರ ಹಿಂದೊಂದು ಬಂದು ಹೋಗುವುದನ್ನು ನೋಡುತ್ತಿದ್ದಾಗ, ನಿದ್ದೆಯಂಥ ಎಚ್ಚರದಲ್ಲಿ ಹೊಳೆಯಿತು: ಚುಕ್ಕೆಗಳನ್ನು ಎಣಿಸಬಾರದು. ಪ್ರತಿ ತಂತ್ರಾಂಶವೂ ಯಾವ ಕಾಲು ಯಾವ ಕಾಲಿನ ಜೊತೆಗಿದೆ ಎಂಬ ಪಟ್ಟಿಯನ್ನು ಬರೆದುಕೊಡುತ್ತದೆ, ಅದಕ್ಕೆ ನೆಟ್‌ಲಿಸ್ಟ್ ಎನ್ನುತ್ತಾರೆ. ದೊಡ್ಡಪ್ಪ ಇನ್ನೂ ಬದುಕಿರುವಾಗಲೇ ಅವನ ಪಟ್ಟಿ ತೆಗೆದು, ಸೋದರತ್ತೆಯ ಪಟ್ಟಿಯ ಪಕ್ಕದಲ್ಲಿಟ್ಟರೆ ಸಾಕು.

ತಿಪ್ಪೇಸ್ವಾಮಿಯವರ ಮನೆ ತಲುಪುವ ಹೊತ್ತಿಗೆ ನಾನು ಓಡುತ್ತಿದ್ದೆ. ಘಟಕಕ್ಕೆ ರಜೆಯಾದ್ದರಿಂದ ಕಂಪ್ಯೂಟರನ್ನು ಅವರು ಶನಿವಾರವೇ ಮನೆಗೆ ತಂದಿದ್ದರು. ಬಾಗಿಲಲ್ಲಿಯೇ ನಿಂತು ನನ್ನ ಮಹತ್ತಾದ ಆವಿಷ್ಕಾರವನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. “ಇದು ಹೆಲ್ಪ್‌ನಾಗೇ ಐತೆ ಕಣಮ್ಮ, ಒಂಬತ್ತನೇ ಅಧ್ಯಾಯ” ಎಂದರು. ಆಮೇಲೆ ತಲೆ ಕೆರೆದುಕೊಂಡು, “ನಾನೂ ಓದಿರ್ಲಿಲ್ಲ ಬಿಡು, ಈಗಷ್ಟೇ ನೋಡ್ತಿದ್ದೆ” ಎಂದರು.

ಪಕ್ಕದ ಕೋಣೆಯಲ್ಲಿ ಅವರ ತಾಯಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದರು. ನಾವು ಎರಡು ಪಟ್ಟಿಗಳನ್ನಿಟ್ಟುಕೊಂಡು ಒಬ್ಬರು ಓದುವುದು, ಒಬ್ಬರು ಗುರುತು ಹಾಕುವುದು. ತಂತ್ರಾಂಶಗಳು ಕೂಡಿದ ಕಾಲುಗಳ ಗುಂಪುಗಳಿಗೆ ತಮ್ಮಿಷ್ಟದ ಹೆಸರಿಟ್ಟಿದ್ದವು, ಒಂದರ ಹೆಸರು ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಆದರೆ ಹೆಸರನ್ನು ಬಿಟ್ಟು ಒಳಗಿರುವವರು ಯಾರೆಂದು ನೋಡಿದರೆ ಎಲ್ಲವೂ ತಿಳಿಯುತ್ತಿತ್ತು. ಮಧ್ಯಾಹ್ನ ಊಟಕ್ಕೆ ಎದ್ದ ಆ ತಾಯಿ ನೆಲದ ಮೇಲಿದ್ದ ನನ್ನ ನಕ್ಷೆಯೊಂದನ್ನು ಎತ್ತಿ ನೋಡಿದರು. “ಇದೇನ್ರಾ ಸ್ವಾಮೀ, ಒಂದ್ರ ಮ್ಯಾಲೊಂದು ಹೋಗೇ ಇಲ್ಲ? ಹಿಂಗಾದ್ರೆ ಇದು ಬಟ್ಟೆ ಯಾವಾಗ ಆಗ್ಬೇಕು?” ಮಗ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ನಾನು ತಲೆತಗ್ಗಿಸಿ ಮುದ್ದೆ ಮುರಿದೆ. ಸಂಜೆಯ ಬಸ್ಸಿಗೆ ಮೊದಲು ಒಂಬತ್ತು ಕಡೆ ಬಿಟ್ಟುಹೋದ ಕೂಡಿಕೆಗಳು ಸಿಕ್ಕವು. ಇನ್ನೂ ಅರ್ಧ ನಕ್ಷೆಗಳು ಉಳಿದಿದ್ದವು.

ಸೋಮವಾರ ಬೆಳಕು ಹರಿಯುವ ಮೊದಲೇ ಹಿಂಡುಗಳು ಹೊರಟವು. ಅಪ್ಪನೂ ಹೊರಟ. ಕುರಿಗಳು ಯಾರ ಲೆಟರಿಗೂ ಕಾಯುವುದಿಲ್ಲ. “ಮಾತು ಅಂದ್ರೆ ಮಾತು ಕಣವ್ವ. ನಿಂದಾದ ದಿನ ಫೋನ್ ಮಾಡು” ಎಂದ. ಹೆಗಲ ಮೇಲಿನ ಕಂಬಳಿ, ಬಲಗಾಲಿನ ಎಳೆತ. ಸುತ್ತಲೂ ಕುರಿಗಳ ಬೆನ್ನುಗಳು ಮಂಜಿನಂತೆ ಹರಿಯುತ್ತಿದ್ದವು. ಅವ್ವ ಬಾಗಿಲಿಗೆ ಬರಲಿಲ್ಲ. ಬುತ್ತಿಯನ್ನು ಮಾತ್ರ ಎರಡು ದಿನಕ್ಕಾಗುವಷ್ಟು ಕಟ್ಟಿಟ್ಟಿದ್ದಳು.

ಬುಧವಾರ, ಪರವಾನಗಿ ತೀರುವ ದಿನ, ಕೊನೆಯ ಪಟ್ಟಿ ತಾಳೆಯಾಯಿತು. ತಿದ್ದಿದ ನಕ್ಷೆಯ ಹೊಸ ಬೋರ್ಡು ಬರುವವರೆಗೆ ಕಾಯಬೇಕೆಂದರು ಯಜಮಾನರು. ಬರಲು ಎಂಟು ದಿನ ಹಿಡಿಯಿತು. ವಿದ್ಯುತ್ ಕೊಟ್ಟಾಗ ರಿಲೇ ಟಕ್ ಎಂದಿತು. ಅಷ್ಟು ಸಣ್ಣ ಸದ್ದನ್ನು ಕೇಳಲು ನಾವು ಮೂವರೂ ಮಿಲ್ಲಿನ ಗದ್ದಲದಲ್ಲಿ ತಲೆಗೆ ತಲೆ ತಾಗಿಸಿ ಬಗ್ಗಿದ್ದೆವು. ಯಜಮಾನರು ಖಾನೆ ಎಳೆದು ಲೆಟರ್ ತೆಗೆದು ಸಹಿ ಹಾಕಿದರು. “ಮೊದ್ಲೇ ಕೊಟ್ಟಿದ್ರೆ ನಾನೂ ತಪ್ಪು ಮಾಡಿದಂಗಾಗ್ತಿತ್ತು” ಎಂದರು. ಅದು ಹೊಗಳಿಕೆಯೋ ಬೈಗುಳವೋ ಈಗಲೂ ನನಗೆ ತಿಳಿದಿಲ್ಲ.

ಅಪ್ಪನಿಗೆ ಫೋನ್ ಮಾಡಿದಾಗ ಗಾಳಿಯ ಸದ್ದು, ಕುರಿಗಳ ಸದ್ದು. “ಕಾಯಂ ಆಯ್ತಾ?” ಎಂದು ಎರಡು ಸಲ ಕೇಳಿದ. ನಾಲ್ಕನೆಯ ದಿನ ಸಂಜೆ ಹಟ್ಟಿಯ ಮುಂದೆ ಬಸ್ಸು ನಿಂತಿತು. ಕಂಬಳಿಯನ್ನು ಕಂಕುಳಲ್ಲಿ ಸುತ್ತಿಕೊಂಡು, ಮಂಡಿ ಹಿಡಿದು ಒಂದೊಂದೇ ಮೆಟ್ಟಿಲು ಅಪ್ಪ ಇಳಿದ. ಕುರಿಗಳಿಲ್ಲದೆ ಅವನು ಆ ದಾರಿಯಲ್ಲಿ ಬಂದದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತಿದ್ದ.

“ಬಸ್ಸಾಗೆ ಬಂದ್ಯಾ?” ಎಂದಳು ಅವ್ವ. “ಆ ವಾಸ್ನೆಗೆ ಪಕ್ಕದಾಗೆ ಯಾರೂ ಕೂತಿರಾಕಿಲ್ಲ.”

“ಇಬ್ಬರ ಸೀಟಾಗೆ ಒಬ್ನೇ ಬಂದೆ. ರಾಜನಂಗೆ” ಎಂದ ಅಪ್ಪ.

ಅಂದಿನಿಂದ ನಮ್ಮ ಹಿಂಡು ಚಿಕ್ಕಪ್ಪನ ಹಿಂಡಿನೊಡನೆ ಹೋಗುತ್ತಿದೆ. ಹುಟ್ಟುವಳಿಯಲ್ಲಿ ಅರ್ಧ ಅವನದು. ಅಪ್ಪ ಮನೆಯಲ್ಲಿ ಏಳು ಕುರಿಗಳನ್ನಿಟ್ಟುಕೊಂಡು ಹಟ್ಟಿಯ ಸುತ್ತಮುತ್ತಲೇ ಮೇಯಿಸುತ್ತಾನೆ. ಮಂಡಿಗೆ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಔಷಧ ನಡೆಯುತ್ತಿದೆ. ನಾನು ಅದೇ ಘಟಕದಲ್ಲಿದ್ದೇನೆ. ಆ ವರ್ಷ, ಮದುವೆಯಾದ ಮೇಲೆ ಮೊದಲ ಬಾರಿಗೆ, ನಮ್ಮ ಅಪ್ಪ ಅವ್ವ ಸಂಕ್ರಾಂತಿಯ ಊಟವನ್ನು ಒಂದೇ ಮನೆಯಲ್ಲಿ ಕುಳಿತು ಉಂಡರು.